ಒಂದೇ ಕಡೆ ಉಜ್ಜುವ ಬ್ರೇಕು

ಹಳೆಯ ರೋಡ್ ಸೈಕಲ್ ಇಟ್ಟುಕೊಂಡವರಿಗೆಲ್ಲ ಪರಿಚಯವಿರುವ ಸದ್ದೊಂದಿದೆ. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ತಿರುಗಿಸಿದರೆ ಸರ್ ಸರ್ ಎಂದು ಸಣ್ಣಗೆ ಉಜ್ಜುತ್ತದೆ. ಸೈಕಲ್ಲಿನ ಎದುರು ಕುಕ್ಕರಗಾಲಲ್ಲಿ ಕೂತು ನೋಡಿದರೆ ಎಡಗಡೆಯ ಬ್ರೇಕ್ ರಬ್ಬರ್ ರಿಮ್ಮಿಗೆ ತಾಗಿಕೊಂಡೇ ಇದೆ, ಬಲಗಡೆಯದು ನಾಲ್ಕು ಮಿಲಿಮೀಟರ್ ದೂರ ನಿಂತಿದೆ. ಬ್ರೇಕನ್ನು ಕೈಯಿಂದ ಎಡಕ್ಕೆ ತಳ್ಳಿದರೆ ಸದ್ದು ನಿಲ್ಲುತ್ತದೆ. ಒಂದು ಸುತ್ತು ಹೋಗಿ, ಮೂರು ನಾಲ್ಕು ಸಲ ಬ್ರೇಕ್ ಹಿಡಿದು ಬಂದರೆ ಮತ್ತೆ ಅದೇ ಕಡೆ, ಅದೇ ಸದ್ದು.

ಹೀಗಿದ್ದರೂ ಬ್ರೇಕ್ ಹಿಡಿಯುತ್ತದೆ, ಸೈಕಲ್ ನಿಲ್ಲುತ್ತದೆ. ಆದ್ದರಿಂದ ಹಲವರು ಸುಮ್ಮನಿದ್ದುಬಿಡುತ್ತಾರೆ. ಇನ್ನು ಕೆಲವರು ಉಜ್ಜುವ ರಬ್ಬರ್ ರಿಮ್ ಬಿಟ್ಟು ಸರಿಯುವ ತನಕ ತಂತಿಯನ್ನು ಸಡಿಲ ಮಾಡುತ್ತಾರೆ. ಇದು ಅಪಾಯದ ದಾರಿ. ಸದ್ದು ಹೋಗುತ್ತದೆ ನಿಜ, ಅದರ ಜೊತೆಗೆ ತುರ್ತಿನಲ್ಲಿ ಬೇಕಾದ ಲಿವರಿನ ಓಟವೂ ಹೋಗುತ್ತದೆ.

ಈ ತೊಂದರೆಯನ್ನು ಸರಿಪಡಿಸಲು ಹೊರಡುವ ಮೊದಲು ಒಂದು ಸಂಗತಿಯನ್ನು ಮನದಟ್ಟು ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಬ್ರೇಕ್ ಹಿಡಿದಾಗ ಎರಡೂ ಕಡೆ ಸಮನಾದ ಒತ್ತಡ ಬೀಳುವಂತೆ ನೋಡಿಕೊಳ್ಳುವುದು ನ್ಯೂಟನ್ನನ ಮೂರನೆಯ ನಿಯಮ. ಅದಕ್ಕೆ ನಮ್ಮ ನೆರವು ಬೇಕಿಲ್ಲ. ಬ್ರೇಕ್ ಬಿಟ್ಟಾಗ ಎರಡೂ ಕಡೆ ಸಮನಾಗಿ ಹಿಂದೆ ಸರಿಯುವಂತೆ ನೋಡಿಕೊಳ್ಳುವ ನಿಯಮ ಮಾತ್ರ ಯಾವುದೂ ಇಲ್ಲ. ಅಲ್ಲಿರುವುದು ಬಡಪಾಯಿ ಸ್ಪ್ರಿಂಗು, ಅದಕ್ಕೆ ಎದುರಾಗಿ ಒಂದಿಷ್ಟು ಜಿಡ್ಡು, ಧೂಳು, ತುಕ್ಕು. ಬ್ರೇಕನ್ನು ನಡುವಿಗೆ ತರುವ ಕೆಲಸವೆಲ್ಲ ನಡೆಯುವುದು ಈ ಎರಡನೆಯ ಜಾಗದಲ್ಲಿ, ಅಂದರೆ ಬಲ ತೀರ ಕಡಿಮೆ ಇರುವ ಜಾಗದಲ್ಲಿ. ಜಗ್ಗಾಡಿ, ಬಗ್ಗಿಸಿ, ಬಿಗಿದು ಸರಿಮಾಡಲು ಹೋದವರು ಸೋಲುವುದು ಇದೇ ಕಾರಣಕ್ಕೆ.

ಸೈಡ್-ಪುಲ್ ಎಂದು ಕರೆಯುವ ಈ ಬ್ರೇಕಿನ ರಚನೆ ಸರಳ. 1970 ಮತ್ತು 80ರ ದಶಕದ ಸೈಕಲ್ಲುಗಳ ಮೇಲೆ ವೈನ್‌ಮನ್, ಡಯಾ-ಕಾಂಪೆ ಎಂಬ ಹೆಸರು ಕೆತ್ತಿರುವ ಬ್ರೇಕುಗಳನ್ನು ನೋಡಿರುತ್ತೀರಿ. ಮುಂದಿನ ಫೋರ್ಕಿನ ನೆತ್ತಿಯಲ್ಲಿ ಒಂದು ತೂತು, ಅದರೊಳಗೆ ಒಂದು ಉದ್ದನೆಯ ಬೋಲ್ಟು. ಆ ಒಂದೇ ಬೋಲ್ಟಿನ ಮೇಲೆ ಕತ್ತರಿಯಂತೆ ಹೆಣೆದುಕೊಂಡ ಎರಡು ಕೈಗಳು. ಪ್ರತಿ ಕೈಯ ಕೆಳತುದಿಯಲ್ಲಿ ಒಂದೊಂದು ಬ್ರೇಕ್ ರಬ್ಬರ್, ನಡುವೆ ರಿಮ್ಮು. ಎರಡೂ ಕೈಗಳ ಮೇಲ್ತುದಿಗಳು ಮಾತ್ರ ಒಂದೇ ಪಕ್ಕಕ್ಕೆ ಚಾಚಿಕೊಂಡು ಒಂದರ ಕೆಳಗೊಂದು ನಿಂತಿರುತ್ತವೆ. ಕೈಗಳ ಹಿಂದೆ, ಬೋಲ್ಟಿನ ಸೀಳಿನಲ್ಲಿ ಸಿಕ್ಕಿಸಿದ ಸ್ಪ್ರಿಂಗಿನ ಎರಡು ಕಾಲುಗಳು ಆ ಕೈಗಳನ್ನು ಸದಾ ಹೊರಕ್ಕೆ ಒತ್ತುತ್ತಿರುತ್ತವೆ.

ಈಗ ತಂತಿ. ನಮ್ಮ ಹಳ್ಳಿ ಪೇಟೆಗಳ ಕಪ್ಪು ಸೈಕಲ್ಲಿನ ರಾಡ್ ಬ್ರೇಕ್ ನೋಡಿದವರಿಗೆ ವ್ಯತ್ಯಾಸ ಬೇಗ ತಿಳಿಯುತ್ತದೆ. ಅಲ್ಲಿ ಗಟ್ಟಿ ಸಲಾಕೆಗಳು ಒಂದನ್ನೊಂದು ಎಳೆದು, ಕೊನೆಗೆ ಕುದುರೆ ಲಾಳದ ಆಕಾರದ ಪಟ್ಟಿಯೊಂದು ಮೇಲೆದ್ದು ರಿಮ್ಮಿನ ಒಳಮೈಗೆ ರಬ್ಬರನ್ನು ಒತ್ತುತ್ತದೆ. ಎಳೆತಕ್ಕೆ ಪ್ರತಿಯಾಗಿ ನಿಲ್ಲುವುದು ಸೈಕಲ್ಲಿನ ಚೌಕಟ್ಟೇ. ರೋಡ್ ಸೈಕಲ್ಲಿನಲ್ಲಿ ಇರುವುದು ಬೌಡನ್ ಕೇಬಲ್. ಅರ್ನೆಸ್ಟ್ ಬೌಡನ್ 1896ರಲ್ಲಿ ಪೇಟೆಂಟ್ ಮಾಡಿಸಿದ ಈ ಸಾಧನದಲ್ಲಿ ಒಂದು ಇನ್ನರ್, ಒಂದು ಔಟರ್. ಇನ್ನರನ್ನು ಲಿವರ್ ಎಳೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅಷ್ಟಾಗಿ ಕಣ್ಣಿಗೆ ಬೀಳದ ಸಂಗತಿಯೆಂದರೆ ಔಟರ್ ತಳ್ಳುತ್ತದೆ ಎಂಬುದು. ಒಳಗಿನ ತಂತಿಯಲ್ಲಿ ಎಷ್ಟು ಎಳೆತವೋ ಹೊರಗಿನ ಕೊಳವೆಯಲ್ಲಿ ಅಷ್ಟೇ ಒತ್ತಡ.

ಸೈಡ್-ಪುಲ್ ಬ್ರೇಕಿನ ಜಾಣ್ಮೆ ಇರುವುದೇ ಇಲ್ಲಿ. ಔಟರ್ ಬಂದು ನಿಲ್ಲುವುದು ಮೇಲಿನ ಕೈಯ ತುದಿಯಲ್ಲಿ. ಇನ್ನರ್ ಅದನ್ನು ಹಾದು ಕೆಳಗಿಳಿದು ಇನ್ನೊಂದು ಕೈಯ ತುದಿಗೆ ಕಚ್ಚಿಕೊಳ್ಳುತ್ತದೆ. ಲಿವರ್ ಹಿಡಿದಾಗ ಇನ್ನರ್ ಒಂದು ಕೈಯನ್ನು ಮೇಲಕ್ಕೆ ಎಳೆಯುತ್ತದೆ, ಔಟರ್ ಇನ್ನೊಂದು ಕೈಯನ್ನು ಕೆಳಕ್ಕೆ ದೂಡುತ್ತದೆ. ಎರಡೂ ಬಲ ಸಮ, ದಿಕ್ಕು ವಿರುದ್ಧ. ಹಾಗಾಗಿ ಒಂದು ರಬ್ಬರ್ ಮೊದಲೇ ರಿಮ್ಮಿಗೆ ತಾಗಿದ್ದರೂ ಚಿಂತೆಯಿಲ್ಲ. ಅದು ತಾಗಿ ನಿಲ್ಲುತ್ತದೆ, ಇನ್ನೊಂದು ಬರುವ ತನಕ ಕಾಯುತ್ತದೆ, ಎರಡೂ ತಾಗಿದ ಮೇಲೆ ಒತ್ತಡ ಸಮನಾಗಿ ಹಂಚಿಹೋಗುತ್ತದೆ. ಒಂದೇ ಕಡೆ ಉಜ್ಜುವ ಬ್ರೇಕು ಕೂಡ ಸರಿಯಾಗಿ ಹಿಡಿಯುವುದು ಇದರಿಂದ.

ಬಿಟ್ಟಾಗ ಏನಾಗುತ್ತದೆ? ಸ್ಪ್ರಿಂಗಿನ ಎರಡು ಕಾಲುಗಳು ಕೈಗಳನ್ನು ಅಗಲಿಸುತ್ತವೆ, ತಂತಿಯ ಉದ್ದ ಮುಗಿಯುವ ತನಕ. ಅಲ್ಲಿಗೆ ಎರಡು ಕೈಗಳ ನಡುವಿನ ಅಂತರ ನಿಗದಿಯಾಯಿತು. ಆದರೆ ಆ ಜೋಡಿ ರಿಮ್ಮಿನ ಎಡಕ್ಕೆ ನಿಲ್ಲಬೇಕೋ ಬಲಕ್ಕೋ ಎಂಬುದನ್ನು ತಂತಿ ಹೇಳುವುದಿಲ್ಲ. ಎರಡೂ ಕೈಗಳು ಒಟ್ಟಾಗಿ ಬೋಲ್ಟಿನ ಸುತ್ತ ಯಾವ ಕಡೆಗಾದರೂ ವಾಲಬಹುದು. ವಾಲಿದರೆ ಸ್ಪ್ರಿಂಗಿನ ಒಂದು ಕಾಲು ಚೂರು ಹೆಚ್ಚು ಬಿಗಿಯಾಗುತ್ತದೆ, ಇನ್ನೊಂದು ಚೂರು ಸಡಿಲವಾಗುತ್ತದೆ. ನಡುವಿಗೆ ಎಳೆದು ತರುವ ಬಲ ಎಂದರೆ ಈ ಎರಡರ ವ್ಯತ್ಯಾಸ ಅಷ್ಟೇ. ಸ್ಪ್ರಿಂಗಿನ ಒಟ್ಟು ಬಲ ದೊಡ್ಡದೇ ಇರಬಹುದು. ಅದು ತಂತಿಯನ್ನು ಹಿಂದಕ್ಕೆ ಎಳೆಯುವುದರಲ್ಲಿ ಖರ್ಚಾಗುತ್ತದೆ. ನಡುವಿಗೆ ತರಲು ಉಳಿಯುವುದು ಆ ಪುಡಿ ವ್ಯತ್ಯಾಸ.

ಇದಕ್ಕೆ ಎದುರಾಗಿ ಘರ್ಷಣೆ. ಬೋಲ್ಟಿನ ಮೇಲೆ ಕೈಗಳು ತಿರುಗುವ ಜಾಗದಲ್ಲಿ ಒಂದಿಷ್ಟು, ಸ್ಪ್ರಿಂಗಿನ ಕಾಲುಗಳು ಕೈಗಳ ಹಿಂಬದಿಯ ಗುಬುಟಿನ ಮೇಲೆ ಜಾರುವ ಜಾಗದಲ್ಲಿ ಇನ್ನೊಂದಿಷ್ಟು. ಬಲಗಳ ವ್ಯತ್ಯಾಸ ಈ ಘರ್ಷಣೆಗಿಂತ ಕಡಿಮೆ ಇರುವಷ್ಟು ಹೊತ್ತು ಜೋಡಿ ಅಲುಗುವುದಿಲ್ಲ, ಬಿಟ್ಟಲ್ಲೇ ನಿಲ್ಲುತ್ತದೆ. ಹೊಸ ಬ್ರೇಕಿನಲ್ಲಿ ಈ ಮಂಕು ವಲಯ ಒಂದು ಮಿಲಿಮೀಟರಿನೊಳಗೇ ಇರುತ್ತದೆ. ಐವತ್ತು ವರ್ಷದ ಬ್ರೇಕಿನಲ್ಲಿ, ಎಣ್ಣೆ ಒಣಗಿ ಮೇಣವಾಗಿ ಅದರ ಮೇಲೆ ಧೂಳು ಕೂತಿದ್ದರೆ, ರಿಮ್ಮಿನ ಒಂದು ಬದಿಯಿಂದ ಇನ್ನೊಂದು ಬದಿಯವರೆಗೂ ಹಬ್ಬಿರಬಹುದು.

ಹಾಗಾದರೆ ಕೈ ಹಾಕಬೇಕಾದ್ದು ಸ್ಪ್ರಿಂಗಿಗೋ, ಬೋಲ್ಟಿಗೋ? ಧಾರವಾಡದಲ್ಲಿ ಸೈಕಲ್ ರಿಪೇರಿಯಲ್ಲೇ ತಲೆ ನರೆಸಿಕೊಂಡ ಹಿರಿಯರೊಬ್ಬರ ಅಂಗಡಿಗೆ ಹೋಗಿ, “ಕಾಕಾ, ಬ್ರೇಕ್ ಒಂದ ಕಡೀಗೆ ತಿಕ್ಕತೈತಿ ನೋಡ್ರಿ” ಅಂದಿದ್ದೆ. ಅವರು ಬ್ರೇಕಿನ ಕಡೆ ನೋಡಲೇ ಇಲ್ಲ. “ಬ್ರೇಕಿನ ಮಾತು ಆಮ್ಯಾಲ ತಮ್ಮಾ. ಮೊದಲ ಗಾಲಿ ಎಲ್ಲೈತಿ ನೋಡೂಣು” ಅಂದು ಚಕ್ರದ ನಟ್ಟು ಸಡಿಲಿಸಿದರು. ಸೈಕಲ್ಲನ್ನು ನೆಲದ ಮೇಲೆ ನೇರ ನಿಲ್ಲಿಸಿ, ಹ್ಯಾಂಡಲ್ಲಿನ ಮೇಲೆ ಅಂಗೈ ಊರಿ ಭಾರ ಬಿಟ್ಟರು. ಅಚ್ಚು ಫೋರ್ಕಿನ ಎರಡೂ ಸೀಳುಗಳ ತಳ ಮುಟ್ಟಿ ಕೂತ ಸದ್ದು ಸಣ್ಣಗೆ ಕೇಳಿಸಿತು. ಆಮೇಲೆ ನಟ್ಟು ಬಿಗಿದರು. ರಿಮ್ಮು ಎರಡು ಮಿಲಿಮೀಟರಿನಷ್ಟು ಸರಿದು ನಿಂತಿತ್ತು.

ಅಷ್ಟಕ್ಕೇ ಅವರು ಬಿಡಲಿಲ್ಲ. ಚಕ್ರವನ್ನು ಪೂರ್ತಿ ಬಿಚ್ಚಿ, ಎಡಮಗ್ಗುಲು ಬಲಕ್ಕೆ ಬರುವಂತೆ ತಿರುವಿ ಮತ್ತೆ ಹಾಕಿದರು. ಈ ತಿರುವಿನ ಪರೀಕ್ಷೆ ನನಗೆ ಅಚ್ಚುಮೆಚ್ಚು, ಯಾಕೆಂದರೆ ಇದಕ್ಕೆ ಅಳತೆಪಟ್ಟಿಯೇ ಬೇಡ. ತಿರುವಿ ಹಾಕಿದ ಮೇಲೆ ಉಜ್ಜುವ ಬದಿಯೂ ಬದಲಾದರೆ ದೋಷ ಚಕ್ರದ್ದು: ರಿಮ್ಮು ಅಚ್ಚಿನ ನಟ್ಟನಡುವೆ ಇಲ್ಲ, ಕಡ್ಡಿಗಳ ಬಿಗಿತ ತಿದ್ದಬೇಕು. ಉಜ್ಜುವ ಬದಿ ಮೊದಲಿನದೇ ಆಗಿದ್ದರೆ ಚಕ್ರ ನಿರಪರಾಧಿ. ದೋಷ ಬ್ರೇಕಿನಲ್ಲೋ ಫೋರ್ಕಿನಲ್ಲೋ ಇದೆ. ಹಿಂದಿನ ಚಕ್ರಕ್ಕೆ ಫ್ರೀವೀಲ್ ಇರುವುದರಿಂದ ಈ ಪರೀಕ್ಷೆ ಅಷ್ಟು ಸುಲಭವಲ್ಲ. ಅದಕ್ಕೆ ಬದಲು, ಹಳೆಯ ಚೌಕಟ್ಟುಗಳಲ್ಲಿ ಅಚ್ಚು ಕೂರುವ ಸೀಳು ಅಡ್ಡಡ್ಡ ಇರುವ ಕಾರಣ, ಚಕ್ರ ಓರೆಯಾಗಿ ಕೂತಿದೆಯೇ ಎಂದು ಕೆಳಗಿನ ಎರಡು ಕೊಳವೆಗಳ ನಡುವೆ ಕಣ್ಣಿಟ್ಟು ನೋಡಬೇಕು.

ಚಕ್ರ ತಿರುಗುವಾಗ ರಿಮ್ಮು ಆಚೀಚೆ ಓಲಾಡುತ್ತಿದ್ದರೆ, ಅಂದರೆ ಚಕ್ರ ಔಟ್ ಆಗಿದ್ದರೆ, ಮೊದಲು ಔಟ್ ತೆಗೆಸಿ. ರಿಮ್ಮೇ ಎರಡು ಮಿಲಿಮೀಟರ್ ಓಲಾಡುವಾಗ ಬ್ರೇಕಿಗೆ ನಡು ಎನ್ನುವುದೇ ಇರುವುದಿಲ್ಲ. ಅರ್ಧ ಮಿಲಿಮೀಟರಿನೊಳಗೆ ತಂದರೆ ಸಾಕು.

ಚಕ್ರ ನೇರವಿದೆ, ಆದರೂ ಉಜ್ಜುತ್ತಿದೆ ಅಂದರೆ ಈಗ ಬ್ರೇಕಿನ ವಿಚಾರಣೆ. ಎರಡೂ ಕೈಗಳನ್ನು ಒಟ್ಟಿಗೆ ಹಿಡಿದು ಎಡಕ್ಕೆ ತಳ್ಳಿ, ಬಿಡಿ. ಎಲ್ಲಿಗೆ ಬಂದು ನಿಂತಿತು ನೋಡಿ. ಮತ್ತೆ ಬಲಕ್ಕೆ ತಳ್ಳಿ, ಬಿಡಿ. ಎರಡು ಸಲವೂ ಒಂದೇ ಜಾಗಕ್ಕೆ ಬಂದು ನಿಂತರೆ, ಆ ಜಾಗ ತಪ್ಪಾಗಿದ್ದರೂ ಅದು ಒಳ್ಳೆಯ ಸುದ್ದಿ. ಸ್ಪ್ರಿಂಗು ಕೆಲಸ ಮಾಡುತ್ತಿದೆ, ಘರ್ಷಣೆ ಕಡಿಮೆ ಇದೆ, ಬೋಲ್ಟು ಮಾತ್ರ ಓರೆಯಾಗಿ ಕೂತಿದೆ. ತಳ್ಳಿದಲ್ಲೇ ನಿಂತರೆ ಘರ್ಷಣೆ ಗೆದ್ದಿದೆ. ಆಗ ಬೋಲ್ಟನ್ನು ಎಷ್ಟು ತಿರುಗಿಸಿದರೂ ಉಪಯೋಗವಿಲ್ಲ. ಈ ಹೊತ್ತಿಗೆ ನಡುವಿಗೆ ಬಂದದ್ದು ಮುಂದಿನ ತಿರುವಿನಲ್ಲಿ ಮತ್ತೆ ವಾಲುತ್ತದೆ. ಹೆಚ್ಚಿನವರು ಈ ಎರಡು ಕಾಯಿಲೆಗಳನ್ನು ಬೇರೆ ಮಾಡದೆ ನೇರ ಸ್ಪ್ಯಾನರಿಗೆ ಕೈ ಹಾಕುತ್ತಾರೆ.

ಘರ್ಷಣೆಯ ಕಾಯಿಲೆಗೆ ಮದ್ದು ಶುಚಿ ಮಾಡುವುದು. ತಂತಿಯನ್ನು ಬಿಚ್ಚಿ, ಕೈಗಳನ್ನು ಬೆರಳಿನಿಂದ ಆಡಿಸಿ ನೋಡಿ. ಒಂದು ಸರಾಗವಾಗಿ, ಇನ್ನೊಂದು ಮೊಂಡಾಗಿ ಆಡಿದರೆ ಅಪರಾಧಿ ಸಿಕ್ಕಿದಂತೆ. ಸೀಮೆಎಣ್ಣೆ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬೋಲ್ಟಿನ ಸುತ್ತಲಿನ ಮೇಣ ಕರಗಿಸಬಹುದು, ರಬ್ಬರ್ ಮತ್ತು ರಿಮ್ಮಿಗೆ ಹನಿಯೂ ಬೀಳದಂತೆ ಬಟ್ಟೆ ಸುತ್ತಿಕೊಂಡು. ಬೋಲ್ಟಿಗೆ ಒಂದು ಹನಿ ಎಣ್ಣೆ. ಸ್ಪ್ರಿಂಗಿನ ಕಾಲುಗಳು ಕೈಗಳಿಗೆ ತಾಗುವ ಎರಡೂ ಕಡೆ ಬೆಂಕಿಕಡ್ಡಿಯ ತುದಿಯಲ್ಲಿ ಹಿಡಿಯುವಷ್ಟು ಗ್ರೀಸ್. ಇದನ್ನು ಯಾರೂ ಹಚ್ಚುವುದಿಲ್ಲ, ಆದರೆ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಇದೇ. ಅಲ್ಲಿ ಲೋಹದ ಮೇಲೆ ಲೋಹ ಜಾರುತ್ತದೆ, ಒಂದು ಬದಿಗೆ ತುಕ್ಕು ಹಿಡಿದರೆ ಸಾಕು, ಸಮತೋಲ ತಪ್ಪುತ್ತದೆ.

ಇನ್ನು ಬೋಲ್ಟಿನ ಮುಂಭಾಗದ ಎರಡು ನಟ್ಟುಗಳು. ಒಳಗಿನದು ಕೈಗಳ ಬಿಗಿತವನ್ನು ನಿರ್ಧರಿಸುತ್ತದೆ, ಹೊರಗಿನದು ಒಳಗಿನದನ್ನು ಅಲುಗದಂತೆ ಅದುಮಿ ಹಿಡಿಯುತ್ತದೆ. ಒಳನಟ್ಟು ತೀರ ಬಿಗಿಯಾದರೆ ಕೈಗಳು ಹಿಂದಿರುಗುವುದಿಲ್ಲ. ತೀರ ಸಡಿಲವಾದರೆ ಬ್ರೇಕ್ ಹಿಡಿದಾಗ ಕೈಗಳು ಮುಂದಕ್ಕೂ ಹಿಂದಕ್ಕೂ ಅದುರುತ್ತವೆ. ರಬ್ಬರಿನ ಬಳಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದರೆ ಆಟ ಗೊತ್ತಾಗಬಾರದು, ಬಿಟ್ಟರೆ ಕೈ ತಾನಾಗಿ ಚಿಮ್ಮಿ ತೆರೆದುಕೊಳ್ಳಬೇಕು. ಇವೆರಡರ ನಡುವಿನ ಜಾಗ ಬಹಳ ಕಿರಿದು. ನಟ್ಟಿನ ಎಂಟನೇ ಒಂದು ಸುತ್ತಿನಲ್ಲೇ ಸಿಗುವಂಥದ್ದು, ಕೈಗೆ ಮಾತ್ರ ಗೊತ್ತಾಗುವಂಥದ್ದು.

ಇಷ್ಟಾದ ಮೇಲೆ ಬೋಲ್ಟು. ಸ್ಪ್ರಿಂಗು ಕಚ್ಚಿಕೊಂಡಿರುವುದು ಬೋಲ್ಟಿಗೆ; ಆದ್ದರಿಂದ ಬೋಲ್ಟನ್ನು ಫೋರ್ಕಿನೊಳಗೆ ಒಂದು ಡಿಗ್ರಿ ತಿರುಗಿಸಿದರೆ ಸ್ಪ್ರಿಂಗೂ ಅದರ ಜೊತೆಗೆ ಇಡೀ ಬ್ರೇಕೂ ಒಂದು ಡಿಗ್ರಿ ತಿರುಗುತ್ತದೆ. ಬೋಲ್ಟಿನಿಂದ ರಬ್ಬರಿಗೆ ಐವತ್ತು ಮಿಲಿಮೀಟರ್ ಇದ್ದರೆ ಒಂದು ಡಿಗ್ರಿಗೆ ರಬ್ಬರ್ ಸರಿಯುವುದು ಸುಮಾರು 0.9 ಮಿಲಿಮೀಟರ್. ಅಂದರೆ ಇಲ್ಲಿ ಬೇಕಾಗುವ ತಿರುವು ಕಣ್ಣಿಗೆ ಕಾಣಿಸದಷ್ಟು ಸಣ್ಣದು. ಫೋರ್ಕಿನ ಹಿಂದೆ ಬೋಲ್ಟನ್ನು ಹಿಡಿದಿರುವ ನಟ್ಟನ್ನು ಪೂರ್ತಿ ಸಡಿಲಿಸಿ, ಕೈಯಿಂದ ಅಂದಾಜಿಗೆ ಜೋಡಿಸಿ, ಮತ್ತೆ ಬಿಗಿದರೆ ಅದು ಸರಿಹೋಗದು. ನಟ್ಟಿನ ಕೊನೆಯ ಕಾಲು ಸುತ್ತಿನಲ್ಲಿ ಬೋಲ್ಟೂ ಅದರ ಜೊತೆ ತಿರುಗಿಬಿಡುತ್ತದೆ.

ಸರಿಯಾದ ಕ್ರಮ ಎರಡು ಸ್ಪ್ಯಾನರಿನದು. ನಟ್ಟು ಬಿಗಿಯಾಗಿರುವಾಗಲೇ ಮುಂದೊಂದು, ಹಿಂದೊಂದು ಸ್ಪ್ಯಾನರ್ ಹಾಕಿ ಎರಡನ್ನೂ ಒಂದೇ ದಿಕ್ಕಿಗೆ ಒಟ್ಟಿಗೆ ತಿರುಗಿಸಬೇಕು. ಆಗ ಯಾವ ನಟ್ಟೂ ಸಡಿಲಾಗದೆ, ಬಿಗಿಯಾಗದೆ, ಬೋಲ್ಟು ಇಡಿಯಾಗಿ ತಿರುಗುತ್ತದೆ. ಮೊದಲು ಹೇಳಿದ ಉದಾಹರಣೆಯನ್ನೇ ತೆಗೆದುಕೊಳ್ಳಿ: ಎದುರಿನಿಂದ ನೋಡಿದಾಗ ಎಡಗಡೆಯ ರಬ್ಬರ್ ಉಜ್ಜುತ್ತಿದೆ. ರಬ್ಬರುಗಳು ಬೋಲ್ಟಿನ ಕೆಳಗಿವೆ, ಅವು ಎಡಕ್ಕೆ ಸರಿಯಬೇಕು. ಹಾಗಾಗಬೇಕಾದರೆ ಬೋಲ್ಟು ಎದುರಿನಿಂದ ನೋಡುವವರಿಗೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಬೇಕು. ಈ ದಿಕ್ಕಿಗೆ ತಿರುಗಿಸುವಾಗ ಮುಂದಿನ ಸ್ಪ್ಯಾನರನ್ನು ಹೊರಗಿನ ನಟ್ಟಿಗೆ ಹಾಕಬೇಕು. ಅದು ಬಿಗಿಯಾಗುವ ದಿಕ್ಕಿಗೆ ತಿರುಗುತ್ತ ಒಳನಟ್ಟಿಗೆ ಅದುಮಿಕೊಳ್ಳುತ್ತದೆ. ಎದುರು ದಿಕ್ಕಿಗಾದರೆ ಒಳಗಿನ ನಟ್ಟಿಗೆ ಹಾಕಬೇಕು. ಅದು ಹಿಂದೆ ಬರುತ್ತ ಹೊರನಟ್ಟಿಗೆ ಅದುಮಿಕೊಳ್ಳುತ್ತದೆ. ಎರಡೂ ಸಲ ನಟ್ಟುಗಳ ಜಗಳವೇ ಅವನ್ನು ಒಂದಾಗಿ ಹಿಡಿದಿಡುತ್ತದೆ. ಕೆಲವು ಬ್ರೇಕುಗಳಲ್ಲಿ ಇದಕ್ಕೆಂದೇ ಕೈಗಳ ಹಿಂದೆ ಬೋಲ್ಟಿನ ಮೇಲೆ ಎರಡು ಚಪ್ಪಟೆ ಮುಖ ಕೊಟ್ಟಿರುತ್ತಾರೆ. ತೆಳ್ಳಗಿನ ಕೋನ್ ಸ್ಪ್ಯಾನರ್ ಅಲ್ಲಿ ಹೊಕ್ಕರೆ ಕೆಲಸ ಇನ್ನೂ ಹಗುರ.

ಕೆಲವು ಕಡೆ ಸುತ್ತಿಗೆ ಮತ್ತು ಪಂಚ್ ಹಿಡಿದು ಸ್ಪ್ರಿಂಗಿನ ಸುರುಳಿಗೆ ಮೇಲಿನಿಂದ ಒಂದು ಪೆಟ್ಟು ಕೊಡುತ್ತಾರೆ, ರಬ್ಬರ್ ದೂರ ನಿಂತಿರುವ ಬದಿಗೆ. ಲೆಕ್ಕದ ಪ್ರಕಾರ ಅದು ತಪ್ಪಲ್ಲ. ಆ ಬದಿ ಕೆಳಗಿಳಿದರೆ ಬೋಲ್ಟು ಬೇಕಾದ ದಿಕ್ಕಿಗೇ ತಿರುಗುತ್ತದೆ. ಆದರೆ ಒಂದು ಪೆಟ್ಟಿಗೆ ತಿರುಗುವ ಬೋಲ್ಟು ಎಷ್ಟು ಬಿಗಿಯಿರಬಲ್ಲದು? ಬ್ರೇಕನ್ನು ಫೋರ್ಕಿಗೆ ಹಿಡಿದಿರುವುದು ಆ ಒಂದು ಬೋಲ್ಟೇ ಆಗಿರುವಾಗ ಈ ವಿಧಾನವನ್ನು ನಾನಂತೂ ಒಪ್ಪಲಾರೆ.

ಬೋಲ್ಟು ಸರಿಯಿದ್ದು, ಘರ್ಷಣೆಯೂ ಇಲ್ಲದೆ, ಹ್ಯಾಂಡಲ್ ತಿರುಗಿಸಿದಾಗ ಮಾತ್ರ ಬ್ರೇಕು ವಾಲಿದರೆ ಔಟರನ್ನು ನೋಡಿ. ಅದು ತೀರ ಗಿಡ್ಡವಾಗಿದ್ದರೆ ಅಥವಾ ಒಣಗಿ ಬಿರುಸಾಗಿದ್ದರೆ ಬ್ರೇಕಿನ ಮೇಲ್ತುದಿಯನ್ನು ಪಕ್ಕಕ್ಕೆ ಒತ್ತುತ್ತಿರುತ್ತದೆ. ಸ್ಪ್ರಿಂಗಿನ ಆ ಪುಡಿ ವ್ಯತ್ಯಾಸದ ಮುಂದೆ ಈ ಒತ್ತಡ ದೊಡ್ಡದೇ. ಔಟರ್ ಚಿಕ್ಕ ತಿರುವಿಲ್ಲದೆ, ವಿಶಾಲವಾದ ಕಮಾನಿನಲ್ಲಿ ಬಂದಿಳಿಯುವಷ್ಟು ಉದ್ದವಿರಬೇಕು. ಹಾಗೆಂದು ಬೇಕಿಲ್ಲದ ಸುತ್ತುಗಳೂ ಬೇಡ. ಬಾಗಿದ ಕೊಳವೆಯಲ್ಲಿ ತಂತಿ ಜಾರುವಾಗಿನ ನಷ್ಟ ತಿರುವಿನ ಒಟ್ಟು ಕೋನದ ಮೇಲೆ ನಿಂತಿದೆ, ಅದೂ ಘಾತಾಂಕದ ಲೆಕ್ಕದಲ್ಲಿ ಏರುತ್ತದೆ. ಘರ್ಷಣಾಂಕ 0.12 ಎಂದುಕೊಂಡರೆ, ಒಟ್ಟು 180 ಡಿಗ್ರಿ ತಿರುವಿನ ಕೊನೆಗೆ ಉಳಿಯುವುದು ಎಳೆತದ ಮೂರನೇ ಎರಡು ಭಾಗ. ಉಳಿದದ್ದು ದಾರಿಯಲ್ಲೇ ಬಿಸಿಯಾಗಿ ಹೋಯಿತು. ಬಂದರಿನಲ್ಲಿ ಕಂಬಕ್ಕೆ ಎರಡು ಮೂರು ಸುತ್ತು ಹಗ್ಗ ಸುತ್ತಿ ಒಬ್ಬರೇ ದೊಡ್ಡ ಹಡಗನ್ನು ಹಿಡಿದು ನಿಲ್ಲಿಸುವುದೂ ಇದೇ ಸೂತ್ರದಿಂದ. ಸೈಕಲ್ಲಿನಲ್ಲಿ ಅದು ನಮಗೆ ವಿರುದ್ಧವಾಗಿ ಕೆಲಸ ಮಾಡುತ್ತದೆ.

ಇನ್ನು ರಬ್ಬರ್ ರಿಮ್ಮಿನ ಮೇಲೆ ಕೂರುವ ಬಗೆ. ಇದರಲ್ಲಿ ತಪ್ಪಾದರೆ ಬರೀ ಸದ್ದಿನ ತೊಂದರೆಯಲ್ಲ. ಎತ್ತರ ಹೆಚ್ಚಾದರೆ ರಬ್ಬರ್ ಟೈರಿನ ಮಗ್ಗುಲನ್ನು ಕೊರೆದು ಟ್ಯೂಬ್ ಸಿಡಿಯಬಹುದು. ಕಡಿಮೆಯಾದರೆ ಕೆಳಗಿನ ಅಂಚು ರಿಮ್ಮಿನಾಚೆ ಉಳಿದು ಒಂದು ತುಟಿ ಬೆಳೆಯುತ್ತದೆ. ಸೈಡ್-ಪುಲ್ ಕೈಗಳು ಚಕ್ರದ ನಡುಗೆರೆಯ ಮೇಲಿನ ಬೋಲ್ಟಿನ ಸುತ್ತ ತಿರುಗುವುದರಿಂದ ರಬ್ಬರ್ ಒಳಕ್ಕೆ ಬರುತ್ತ ಬರುತ್ತ ಸ್ವಲ್ಪ ಕೆಳಕ್ಕೂ ಇಳಿಯುತ್ತದೆ. ಸವೆದಂತೆಲ್ಲ ತಾಗುವ ಜಾಗ ಹಬ್ಬಿನ ಕಡೆಗೆ ಸರಿಯುತ್ತದೆ. ಆದ್ದರಿಂದ ಹೊಸ ರಬ್ಬರನ್ನು ಟೈರಿಗೆ ತಾಗದಂತೆ ಆದಷ್ಟು ಮೇಲೆ ಕೂರಿಸಬೇಕು. ಕ್ಲೆರ್ಮೋ-ಫೆರಾಂಡಿನ ಮಾಫಾಕ್ ಕಂಪನಿ ಹೆಸರು ಮಾಡಿದ ಸೆಂಟರ್-ಪುಲ್ ಬ್ರೇಕಿನಲ್ಲಿ ಪ್ರತಿ ಕೈಗೂ ಹೊರಬದಿಯಲ್ಲಿ ಬೇರೆ ಬೇರೆ ತಿರುಗುಗೂಟವಿದೆ. ಅಲ್ಲಿ ರಬ್ಬರ್ ಸವೆದಂತೆ ಮೇಲಕ್ಕೆ, ಟೈರಿನತ್ತ ಏರುತ್ತದೆ. ಅದನ್ನು ಕೆಳಗಿನಿಂದ ಶುರು ಮಾಡಬೇಕು.

ರಬ್ಬರ್ ಕೂತಿರುವ ಲೋಹದ ಗೂಡಿನ ಒಂದು ತುದಿ ತೆರೆದಿದ್ದರೆ ಮುಚ್ಚಿದ ತುದಿ ಕಡ್ಡಾಯವಾಗಿ ಮುಂದಕ್ಕಿರಬೇಕು. ಬ್ರೇಕಿನ ಬಳಿ ರಿಮ್ಮು ಹಿಂದಿನಿಂದ ಮುಂದಕ್ಕೆ ಓಡುತ್ತದೆ, ರಬ್ಬರನ್ನೂ ಮುಂದಕ್ಕೆ ಎಳೆಯುತ್ತದೆ. ತೆರೆದ ತುದಿ ಮುಂದಿದ್ದರೆ ಇಳಿಜಾರಿನಲ್ಲಿ ಗಟ್ಟಿಯಾಗಿ ಬ್ರೇಕ್ ಹಿಡಿದಾಗಲೇ ರಬ್ಬರ್ ಕಿತ್ತುಕೊಂಡು ಹೋಗುತ್ತದೆ. ಈ ಅಧ್ಯಾಯದಲ್ಲಿ ಬೇರೇನು ಮರೆತರೂ ಇದನ್ನು ಮರೆಯಬೇಡಿ.

ಕಿರುಚುವ ಬ್ರೇಕಿನ ಕಥೆಯೂ ಈ ಎಳೆತದ್ದೇ. ನಿಂತಾಗಿನ ಘರ್ಷಣೆ ಜಾರುವಾಗಿನದಕ್ಕಿಂತ ಹೆಚ್ಚು. ರಬ್ಬರ್ ರಿಮ್ಮಿಗೆ ಅಂಟಿ ಮುಂದಕ್ಕೆ ಹೋಗುತ್ತದೆ, ತೆಳ್ಳಗಿನ ಕೈ ತಿರುಚಿಕೊಳ್ಳುತ್ತದೆ, ತಿರುಚು ಹೆಚ್ಚಾದಾಗ ಅಂಟು ಬಿಟ್ಟು ಹಿಂದಕ್ಕೆ ಚಿಮ್ಮುತ್ತದೆ, ಮತ್ತೆ ಅಂಟುತ್ತದೆ. ಇದು ಸೆಕೆಂಡಿಗೆ ನೂರಾರು ಸಲ ನಡೆದರೆ ಕಿವಿಗೆ ಕೇಳುವುದು ಕಿರುಚಾಟ. ಪಿಟೀಲಿನ ತಂತಿಯ ಮೇಲೆ ಕಮಾನು ಎಳೆದಾಗ ನಾದ ಹುಟ್ಟುವುದೂ ಹೀಗೇ. ರಬ್ಬರಿನ ಮುಂತುದಿ ಹಿಂತುದಿಗಿಂತ ಒಂದು ಮಿಲಿಮೀಟರಿನಷ್ಟು ಮೊದಲು ತಾಗುವಂತೆ ಓರೆಯಾಗಿಸಿದರೆ, ಬ್ರೇಕ್ ಹಿಡಿದಾಗ ಕೈ ತಿರುಚಿಕೊಂಡು ರಬ್ಬರ್ ಪೂರ್ತಿಯಾಗಿ ರಿಮ್ಮಿಗೆ ಒರಗುತ್ತದೆ, ಸದ್ದು ಅಡಗುತ್ತದೆ. ರಬ್ಬರಿನ ಹಿಂತುದಿಗೂ ರಿಮ್ಮಿಗೂ ನಡುವೆ ದಪ್ಪ ಕಾಗದ ಮಡಿಸಿಟ್ಟು, ಬ್ರೇಕ್ ಅದುಮಿ ಹಿಡಿದು, ರಬ್ಬರಿನ ನಟ್ಟು ಬಿಗಿದರೆ ಈ ಓರೆ ತಾನಾಗಿ ಬರುತ್ತದೆ. ಬಿಗಿಯುವಾಗ ರಬ್ಬರೂ ತಿರುಗುತ್ತದೆ, ಇನ್ನೊಂದು ಕೈಯಿಂದ ಹಿಡಿದುಕೊಳ್ಳಿ.

ನಲವತ್ತು ವರ್ಷ ಹಳೆಯ ರಬ್ಬರನ್ನು ಉಳಿಸಿಕೊಳ್ಳುವ ಆಸೆ ಬೇಡ. ಗಾಳಿಯ ಆಮ್ಲಜನಕ ಅದರ ಅಣುಸರಪಳಿಗಳ ನಡುವೆ ಹೊಸ ಕೊಂಡಿಗಳನ್ನು ಹಾಕುತ್ತ ಬಂದು ಅದೀಗ ಗಟ್ಟಿ ತುಂಡಾಗಿದೆ. ಉಗುರು ಊರದಿದ್ದರೆ ಬದಲಿಸಿ. ಹೊಸದು ತರುವಾಗ ಉದ್ದದ ರಬ್ಬರ್ ಹೆಚ್ಚು ಹಿಡಿಯುತ್ತದೆ ಎಂದು ಭಾವಿಸಬೇಡಿ. ಗಿಯೋಮ್ ಅಮೊಂಟೊನ್ಸ್ 1699ರಲ್ಲೇ ಹೇಳಿದಂತೆ ಘರ್ಷಣೆ ಒತ್ತುವ ಬಲವನ್ನು ನೋಡುತ್ತದೆ, ತಾಗುವ ವಿಸ್ತಾರವನ್ನಲ್ಲ. ರಬ್ಬರ್ ಈ ನಿಯಮವನ್ನು ಅಕ್ಷರಶಃ ಪಾಲಿಸುವುದಿಲ್ಲ, ಆದರೂ ಉದ್ದದಿಂದ ಮುಖ್ಯವಾಗಿ ಸಿಗುವ ಲಾಭ ಬಾಳಿಕೆ.

ಈಗ ಅಂತರದ ಪ್ರಶ್ನೆ: ರಬ್ಬರ್ ರಿಮ್ಮಿಗೆ ಎಷ್ಟು ಹತ್ತಿರ ಇರಬೇಕು? ಲಿವರ್ ನಮ್ಮ ಬೆರಳಿನ ಬಲವನ್ನು ಸುಮಾರು ನಾಲ್ಕು ಪಟ್ಟು ಮಾಡುತ್ತದೆ. ಬೆರಳು ನಲವತ್ತು ಮಿಲಿಮೀಟರ್ ಸರಿದರೆ ತಂತಿ ಹತ್ತು ಮಿಲಿಮೀಟರ್ ಬರುತ್ತದೆ, ಆ ಹತ್ತು ಎರಡು ರಬ್ಬರುಗಳಿಗೆ ಹಂಚಿ ತಲಾ ಐದು. ಎರಡು ಮಿಲಿಮೀಟರ್ ಅಂತರ ದಾಟುವುದರಲ್ಲಿ ಹೋದರೆ ಮೂರು ಉಳಿಯಿತು. ಅದರಲ್ಲೇ ಕೈಗಳ ಬಾಗು, ತಂತಿಯ ಹಿಗ್ಗು, ಔಟರಿನ ಕುಗ್ಗು ಎಲ್ಲ ನಡೆಯಬೇಕು. ಹಿಂದಿನ ಬ್ರೇಕಿನ ಉದ್ದನೆಯ ತಂತಿ ಗಟ್ಟಿಯಾಗಿ ಹಿಡಿದಾಗ ಎರಡು ಮೂರು ಮಿಲಿಮೀಟರ್ ಹಿಗ್ಗುತ್ತದೆ. ಹಿಂದಿನ ಬ್ರೇಕು ಮೆತ್ತಗೆನಿಸುವುದಕ್ಕೆ ಇದೂ ಒಂದು ಕಾರಣ. ತಂತಿ ಸಡಿಲ ಬಿಟ್ಟು ಉಜ್ಜುವಿಕೆ ನಿಲ್ಲಿಸುವುದು ಅಪಾಯ ಎಂದದ್ದು ಈ ಲೆಕ್ಕದಿಂದ. ನಾಲ್ಕು ಮಿಲಿಮೀಟರ್ ಅಂತರ ಬಿಟ್ಟರೆ ಗಟ್ಟಿಯಾಗಿ ಹಿಡಿಯುವ ಹೊತ್ತಿಗೆ ಲಿವರ್ ಹ್ಯಾಂಡಲ್ಲಿಗೆ ಬಡಿಯುತ್ತದೆ.

ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ಯೋಣ. ಬೆರಳುಗಳ ಬಲ 100 ನ್ಯೂಟನ್, ಅಂದರೆ ಹತ್ತು ಕಿಲೋ ಎತ್ತುವಷ್ಟು. ತಂತಿಯಲ್ಲಿ 400, ಪ್ರತಿ ರಬ್ಬರಿನಲ್ಲಿ 400. ಒಣ ಅಲ್ಯೂಮಿನಿಯಂ ರಿಮ್ಮಿನ ಮೇಲೆ ಘರ್ಷಣಾಂಕ 0.5 ಎಂದಿಟ್ಟುಕೊಂಡರೆ ಎರಡೂ ಸೇರಿ 400 ನ್ಯೂಟನ್ ತಡೆ. ನೆಲದ ಬಳಿ ಅದು 370ರಷ್ಟು. ಸವಾರ ಸೇರಿ 80 ಕಿಲೋ ತೂಗುವ ಸೈಕಲ್ಲು ಗಂಟೆಗೆ 30 ಕಿಲೋಮೀಟರ್ ವೇಗದಿಂದ ಏಳೂವರೆ ಮೀಟರಿನಲ್ಲಿ ನಿಲ್ಲುತ್ತದೆ. ಇದಕ್ಕಿಂತ ಬಹಳ ಬೇಗ ನಿಲ್ಲಿಸಲು ಹೋದರೆ ಹಿಂದಿನ ಚಕ್ರ ನೆಲ ಬಿಟ್ಟೇಳುತ್ತದೆ. ಹಿಂದಿನ ಬ್ರೇಕೊಂದನ್ನೇ ನಂಬಿದರೆ ಇದರ ಎರಡರಷ್ಟು ದೂರ ಬೇಕು, ಯಾಕೆಂದರೆ ನಿಲ್ಲುವಾಗ ಭಾರವೆಲ್ಲ ಮುಂದಕ್ಕೆ ಸರಿದು ಹಿಂದಿನ ಟೈರು ಹಗುರವಾಗಿ ಜಾರುತ್ತದೆ. ಮುಂದಿನ ಬ್ರೇಕಿಗೆ ಹೆದರುವವರು ಬಹಳ. ಹೆದರಿಕೆ ಬಿಟ್ಟು, ಅದನ್ನು ಹಂತಹಂತವಾಗಿ ಹಿಡಿಯುವುದನ್ನು ಕಲಿಯಬೇಕು.

1990ರ ಸುಮಾರಿಗೆ ಶಿಮಾನೋ ತಂದ ಡ್ಯುಯಲ್-ಪಿವಟ್ ಬ್ರೇಕು ಈ ಲೆಕ್ಕದ ಒಂದು ಅಂಕಿಯನ್ನು ಬದಲಿಸಿತು. ಅದರಲ್ಲಿ ಒಂದು ಕೈ ನಡುವೆ, ಇನ್ನೊಂದು ಪಕ್ಕದಲ್ಲಿ ತಿರುಗುತ್ತದೆ, ಬಲ ಹಳೆಯದಕ್ಕಿಂತ ಹೆಚ್ಚು ಗುಣಿತವಾಗುತ್ತದೆ. ಬಲ ಹೆಚ್ಚಿದರೆ ಓಟ ಕಡಿಮೆಯಾಗಲೇಬೇಕು, ಹಾಗಾಗಿ ರಬ್ಬರ್ ರಿಮ್ಮಿಗೆ ಇನ್ನೂ ಹತ್ತಿರ ಕೂರಬೇಕಾಯಿತು. ನಡುವಿಗೆ ತರಲು ಅದರಲ್ಲಿ ಪುಟ್ಟ ಸ್ಕ್ರೂ ಕೊಟ್ಟಿದ್ದಾರೆ, ಎರಡು ಸ್ಪ್ಯಾನರಿನ ಕಸರತ್ತು ಬೇಕಿಲ್ಲ. ಆದರೆ ‘ದಿ ಬೈಸಿಕಲ್ ವೀಲ್’ ಪುಸ್ತಕ ಬರೆದ ಎಂಜಿನಿಯರ್ ಜೋಬ್ಸ್ಟ್ ಬ್ರಾಂಟ್ ತೋರಿಸಿಕೊಟ್ಟಂತೆ, ಹಳೆಯ ಒಂಟಿ ಬೋಲ್ಟಿನ ಬ್ರೇಕಿಗಿದ್ದ ಒಂದು ಗುಣ ಹೊಸದರಲ್ಲಿ ಇಲ್ಲ. ದಾರಿಯಲ್ಲಿ ಒಂದು ಕಡ್ಡಿ ಮುರಿದು ರಿಮ್ಮು ಓಲಾಡತೊಡಗಿದರೆ ಹಳೆಯ ಬ್ರೇಕಿನ ಜೋಡಿಗೈಗಳು ರಿಮ್ಮಿನ ಜೊತೆಗೇ ಓಲಾಡುತ್ತವೆ. ನಡುವಿನಿಂದ ಸುಲಭವಾಗಿ ಜಾರುವ ಅದೇ ಸ್ವಾತಂತ್ರ್ಯ ಅಲ್ಲಿ ಕೈಹಿಡಿಯುತ್ತದೆ.

ಎಲ್ಲ ಬಿಗಿದ ಮೇಲೆ ಸೈಕಲ್ಲನ್ನು ನಿಲ್ಲಿಸಿಕೊಂಡೇ ಎರಡೂ ಲಿವರುಗಳನ್ನು ಮೈಬಲ ಹಾಕಿ ಹತ್ತಾರು ಸಲ ಅದುಮಿ. ಔಟರಿನ ತುದಿಗಳು ತಮ್ಮ ಟೋಪಿಗಳಲ್ಲಿ ಕೂರುವುದು, ಸರಿಯಾಗಿ ಕಚ್ಚದ ತಂತಿ ಜಾರುವುದು ಏನಿದ್ದರೂ ಇಲ್ಲೇ ಆಗಿಹೋಗಲಿ, ಇಳಿಜಾರಿನಲ್ಲಲ್ಲ. ಮತ್ತೆ ಅಂತರ ನೋಡಿ, ಔಟರ್ ಬಂದು ಕೂರುವ ಬ್ಯಾರಲ್ ಸ್ಕ್ರೂವನ್ನು ಒಂದೆರಡು ಸುತ್ತು ಹೊರಕ್ಕೆ ತಿರುಗಿಸಿ ಸರಿಪಡಿಸಿ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸಿದಾಗ ಫೋರ್ಕಿನ ನೆತ್ತಿಯಲ್ಲಿ ಟಕ್ ಎಂದರೆ ಹಿಂದಿನ ನಟ್ಟು ಇನ್ನೂ ಸಡಿಲ ಇದೆ, ಅಥವಾ ಹ್ಯಾಂಡಲ್ಲಿನ ಬೇರಿಂಗಿನಲ್ಲಿ ಆಟವಿದೆ. ಬೆರಳನ್ನು ಎರಡೂ ಕಡೆ ಇಟ್ಟು ನೋಡಿದರೆ ಯಾವುದೆಂದು ಗೊತ್ತಾಗುತ್ತದೆ.

ಮೊದಲ ಸವಾರಿ ಸಮತಟ್ಟು ರಸ್ತೆಯಲ್ಲಿರಲಿ. ನಂದಿಬೆಟ್ಟದಂಥ ಇಳಿಜಾರಿನಲ್ಲಿ ಪ್ರತಿ ನೂರು ಮೀಟರ್ ಇಳಿತಕ್ಕೆ 80 ಕಿಲೋ ಭಾರದ ಸೈಕಲ್ಲು ಕಳೆದುಕೊಳ್ಳಬೇಕಾದ ಶಕ್ತಿ 78,000 ಜೂಲ್‌ಗಿಂತ ಹೆಚ್ಚು. ಗಾಳಿ ಒಂದು ಪಾಲನ್ನು ತೆಗೆದುಕೊಂಡರೂ ಉಳಿದದ್ದೆಲ್ಲ ರಿಮ್ಮಿಗೇ ಬರುತ್ತದೆ. ಕ್ರೋಮ್ ಹಚ್ಚಿದ ಉಕ್ಕಿನ ರಿಮ್ಮಿದ್ದರೆ ಮಳೆಯಲ್ಲಿ ಆ ಇಳಿಜಾರಿಗೆ ಹೋಗಲೇಬೇಡಿ. ಒದ್ದೆಯಾದಾಗ ಅದರ ಹಿಡಿತ ಒಣಗಿದ್ದಾಗಿನ ಸಣ್ಣದೊಂದು ಪಾಲಿಗೆ ಕುಸಿಯುತ್ತದೆ. ರಬ್ಬರ್ ಎಷ್ಟೇ ಹೊಸದಿರಲಿ, ಬ್ರೇಕು ಎಷ್ಟೇ ನಡುವಿನಲ್ಲಿರಲಿ, ನುಣುಪು ಕ್ರೋಮಿನ ಮೇಲಿನ ನೀರಿನ ಪದರವನ್ನು ಒರೆಸಿ ಹಾಕಲು ಅದಕ್ಕೆ ಆಗದು. ಅಲ್ಯೂಮಿನಿಯಂ ರಿಮ್ಮು ಇದಕ್ಕಿಂತ ಎಷ್ಟೋ ವಾಸಿ, ಆದರೂ ಮಳೆಯಲ್ಲಿ ಮೊದಲ ಕೆಲವು ಸುತ್ತು ನೀರು ಒರೆಸುವುದರಲ್ಲೇ ಹೋಗುತ್ತದೆ. ಆಗುಂಬೆಯ ಕಡೆ ಸೈಕಲ್ ಇಳಿಸುವವರು ತಿರುವು ಬರುವುದಕ್ಕೆ ಮೊದಲೇ ಲಿವರನ್ನು ಹಗುರಾಗಿ ಹಿಡಿದು ರಿಮ್ಮು ಒಣಗಿಸಿಕೊಳ್ಳಬೇಕು. ಮನೆಗೆ ಬಂದ ಮೇಲೆ ರಬ್ಬರಿನ ಮುಖದಲ್ಲಿ ಹೊಳೆಯುವ ಲೋಹದ ಚೂರುಗಳು, ಮರಳಿನ ಕಣಗಳು ಚುಚ್ಚಿಕೊಂಡಿವೆಯೇ ನೋಡಿ, ಸೂಜಿಯಿಂದ ಕೆದಕಿ ತೆಗೆಯಿರಿ. ಅವು ಅಲ್ಲೇ ಉಳಿದರೆ ಮುಂದಿನ ಸವಾರಿಯಲ್ಲಿ ರಿಮ್ಮನ್ನು ಕೆರೆಯುತ್ತವೆ.